ಗೀರು ಬಿದ್ದರೆ ಬೀಳಲಿ ಬಿಡಿ

ಒಳ್ಳೆಯ ಕ್ಯಾಮೆರಾ ಕೊಂಡವರಿಗೆ ನಮ್ಮಲ್ಲಿ ಮೊದಲು ಸಿಗುವ ಬುದ್ಧಿಮಾತು ಬೆಳಕಿನ ಬಗ್ಗೆಯೂ ಇರುವುದಿಲ್ಲ, ಚೌಕಟ್ಟಿನ ಬಗ್ಗೆಯೂ ಇರುವುದಿಲ್ಲ. 'ಹುಷಾರು, ಸ್ಕ್ರ್ಯಾಚ್ ಆದೀತು' ಅನ್ನುವುದೇ ಆ ಮಾತು. ಅಲ್ಲಿಂದ ಶುರುವಾಗುತ್ತದೆ ಉಪಚಾರ. ಹಿಂದಿನ ಪರದೆಗೆ ಗಾಜಿನ ಗಾರ್ಡು. ಮೈಗೆ ಚರ್ಮದ ಹಾಫ್ ಕೇಸು. ಕೇಸಿನೊಳಗೆ ಭದ್ರವಾಗಿ ಕೂತಿರುವ ತಳಕ್ಕೂ ಒಂದು ಪಾರದರ್ಶಕ ಫಿಲ್ಮು. ಸ್ಟ್ರ್ಯಾಪಿನ ಉಂಗುರ ಉಜ್ಜದಿರಲಿ ಎಂದು ಎರಡೂ ಕಿವಿಗೆ ಚರ್ಮದ ಬಿಲ್ಲೆ. ಲೆನ್ಸಿನ ಮುಂದೆ ಯುವಿ ಫಿಲ್ಟರು, ಅದರ ಮುಂದೆ ಮುಚ್ಚಳ, ಫ್ಲ್ಯಾಶ್ ಸಿಕ್ಕಿಸುವ ಜಾಗಕ್ಕೂ ಪುಟ್ಟದೊಂದು ಮುಚ್ಚಳ. ಇಷ್ಟನ್ನೂ ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಸುತ್ತಿದ್ದನ್ನು ಚೀಲದಲ್ಲಿಟ್ಟು, ಚೀಲಕ್ಕೆ ಮಳೆಯ ಹೊದಿಕೆ ಹಾಕಿಕೊಂಡು ಮದುವೆಗೆ ಹೊರಡುತ್ತಾರೆ. ಅಲ್ಲಿ ಎಲ್ಲ ಬಿಚ್ಚಿ ಮುಗಿಸುವಷ್ಟರಲ್ಲಿ ಧಾರೆ ಮುಗಿದು ಹೆಣ್ಣುಗಂಡು ಊಟದ ಪಂಕ್ತಿಯಲ್ಲಿ ಕೂತಿರುತ್ತಾರೆ.

ಈ ಉಪಚಾರಕ್ಕೆ ಜನ ಪ್ರೀತಿ ಎಂದು ಹೆಸರಿಟ್ಟಿದ್ದಾರೆ. ಗೀರಿಲ್ಲದ ಕ್ಯಾಮೆರಾ ಇಟ್ಟುಕೊಂಡವನು ಶಿಸ್ತಿನವನು, ಬಣ್ಣ ಸವೆದದ್ದನ್ನು ಹಿಡಿದು ತಿರುಗುವವನು ಉಡಾಫೆಯವನು ಎಂಬುದು ಊರೆಲ್ಲ ಒಪ್ಪಿಕೊಂಡ ತೀರ್ಪು. ಮಾರುವವರು, ಕೊಳ್ಳುವವರು, ಅಳಿಯನಿಗೆ ಉಡುಗೊರೆ ಕೊಡುವ ಮಾವಂದಿರು, ಯಾರದ್ದೂ ತಕರಾರಿಲ್ಲ. ತಕರಾರು ನನ್ನದು. ಬಣ್ಣ ಕಾಯುವ ಈ ಚಟ ಚಿತ್ರಗಳನ್ನು ಕೆಡಿಸುತ್ತದೆ ಎಂಬುದನ್ನು ಹೇಗೋ ಸಹಿಸಿಕೊಳ್ಳಬಹುದು. ಕೆಟ್ಟ ಚಿತ್ರ ತೆಗೆಯುವುದು ಅಪರಾಧವೇನಲ್ಲ. ಆದರೆ ಯಾವ ಕ್ಯಾಮೆರಾವನ್ನು ಕಾಯುತ್ತೇವೆ ಅಂದುಕೊಂಡಿದ್ದಾರೋ ಅದನ್ನೇ ಇವರು ಕೊಲ್ಲುತ್ತಿದ್ದಾರೆ.

ಈ ವ್ರತವನ್ನು ಅತ್ಯಂತ ಮಡಿಯಿಂದ ಆಚರಿಸುವವರು ಲೈಕಾ ಇಟ್ಟುಕೊಂಡವರು. ಆದ್ದರಿಂದ ಲೈಕಾದಿಂದಲೇ ಶುರುಮಾಡೋಣ. ಜರ್ಮನಿಯ ವೆಟ್ಸ್ಲರ್ ಊರಿನಲ್ಲಿ ಎರ್ನ್ಸ್ಟ್ ಲೈಟ್ಸ್ ಅವರ ಸೂಕ್ಷ್ಮದರ್ಶಕದ ಕಾರ್ಖಾನೆ. ಅಲ್ಲಿದ್ದ ಆಸ್ಕರ್ ಬಾರ್ನಾಕ್‌ಗೆ ಫೋಟೋ ಹುಚ್ಚು, ಜೊತೆಗೆ ಉಬ್ಬಸ. ಗಾಜಿನ ಪ್ಲೇಟುಗಳ ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲು ಎದೆ ಒಪ್ಪುತ್ತಿರಲಿಲ್ಲ. ಸಿನಿಮಾ ಫಿಲ್ಮನ್ನೇ ಬಳಸುವ, ಅಂಗಿ ಕಿಸೆಯಲ್ಲಿ ಅಲ್ಲದಿದ್ದರೂ ಕೋಟಿನ ಕಿಸೆಯಲ್ಲಿ ಹಿಡಿಯುವ ಪೆಟ್ಟಿಗೆಯೊಂದನ್ನು ಅವನು 1914ರ ಹೊತ್ತಿಗೆ ಕಟ್ಟಿಕೊಂಡ. ಅದರ ಸುಧಾರಿತ ರೂಪ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಹೊರುವ ಕಷ್ಟ ತಪ್ಪಿಸಲೆಂದೇ ಹುಟ್ಟಿದ ಯಂತ್ರವನ್ನು ಇವತ್ತು ಅದರ ತೂಕದ ಎರಡರಷ್ಟು ರಕ್ಷಾಕವಚದೊಳಗೆ ಹೊರುತ್ತಿದ್ದೇವೆ. ಬಾರ್ನಾಕ್ ನೋಡಿದ್ದರೆ ಅವನಿಗೆ ಮತ್ತೆ ಉಬ್ಬಸ ಏಳುತ್ತಿತ್ತು.

ಇನ್ನು ಬಣ್ಣದ ವಿಚಾರ. ಹಳೆಯ ಕಪ್ಪು ಲೈಕಾಗಳ ಮೇಲ್ತಟ್ಟೆ ಹಿತ್ತಾಳೆಯದು. ಅದರ ಮೇಲೆ ಕಪ್ಪು ಮೆರುಗೆಣ್ಣೆಯ ತೆಳು ಪದರ. ಆಮೇಲೆ ಗಟ್ಟಿ ಕ್ರೋಮ್ ಲೇಪ ಬಂತು. 1954ರ ಎಂ3 ಬಹುಪಾಲು ಬೆಳ್ಳಿ ಬಣ್ಣದಲ್ಲೇ ಮಾರಾಟವಾದದ್ದು. ಕ್ರೋಮ್ ಸುಲಭವಾಗಿ ಸವೆಯುವುದಿಲ್ಲ. ಆದರೂ ಪತ್ರಿಕೆಗಳ ಛಾಯಾಗ್ರಾಹಕರು ಕಪ್ಪು ಬಣ್ಣದ್ದೇ ಬೇಕು ಎಂದು ಕೇಳಿದರು, ಏಕೆಂದರೆ ಹೊಳೆಯುವ ಲೋಹ ಎದುರಿನವರ ಗಮನ ಸೆಳೆಯುತ್ತದೆ. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್ ತನ್ನ ಲೈಕಾದ ಮಿಂಚುವ ಭಾಗಗಳಿಗೆ ಕಪ್ಪು ಟೇಪು ಸುತ್ತಿಕೊಳ್ಳುತ್ತಿದ್ದ. ಟೇಪಿನ ಕೆಳಗೆ ಕ್ರೋಮ್‌ಗೆ ಅಂಟು ಮೆತ್ತಿಕೊಳ್ಳುತ್ತದೆ, ಕಲೆ ಉಳಿಯುತ್ತದೆ ಎಂಬ ಯೋಚನೆ ಅವನಿಗೆ ಬಂದ ಹಾಗಿಲ್ಲ. ಇವತ್ತೂ ಎದುರಿನ ಲೈಕಾ ಲಾಂಛನದ ಕೆಂಪು ಚುಕ್ಕೆಯ ಮೇಲೆ ಟೇಪು ಹಚ್ಚುವವರು ಇದ್ದಾರೆ. ಅಂಟು ಉಳಿಯದ ಟೇಪು ಯಾವ ಕಂಪನಿಯದು ಎಂದು ವಾರಗಟ್ಟಲೆ ವಿಚಾರಿಸಿ ಆಮೇಲೆ ಹಚ್ಚುತ್ತಾರೆ.

ಕಪ್ಪು ಬಣ್ಣ ಸವೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಫಿಲ್ಮ್ ಮುಂದೂಡುವ ಲಿವರಿನ ತುದಿ, ಹೆಬ್ಬೆರಳು ತಾಗುವ ಕಡೆ. ಆಮೇಲೆ ಸ್ಟ್ರ್ಯಾಪಿನ ಕಿವಿಗಳ ಸುತ್ತ ಅರ್ಧಚಂದ್ರದ ಹಾಗೆ. ಆಮೇಲೆ ತಳದ ತಟ್ಟೆಯ ಅಂಚು, ಅಂದರೆ ಮೇಜಿನ ಮೇಲೆ ಇಡುವಾಗ ಮೊದಲು ತಾಗುವ ಗೆರೆ. ಬಣ್ಣ ಎದ್ದಲ್ಲೆಲ್ಲ ಹಿತ್ತಾಳೆ ಕಾಣುತ್ತದೆ, ಬೆರಳು ಸೋಕಿ ಸೋಕಿ ಅದಕ್ಕೇ ಒಂದು ನಯ ಬರುತ್ತದೆ. ಸವೆತ ನೋಡಿಯೇ ಇದನ್ನು ಬಳಸಿದವನು ಎಡಗಣ್ಣಿಗೆ ಹಿಡಿಯುತ್ತಿದ್ದನೋ ಬಲಗಣ್ಣಿಗೋ, ಕುತ್ತಿಗೆಗೆ ಹಾಕುತ್ತಿದ್ದನೋ ಹೆಗಲಿಗೋ ಎಂದು ಊಹಿಸುವವರಿದ್ದಾರೆ. ಎಲ್ಲವನ್ನೂ ನಂಬಬೇಕಾಗಿಲ್ಲ. ಆದರೆ ಅದು ಹಾಳಾಗಿರುವುದರ ಗುರುತಲ್ಲ, ಇಷ್ಟಂತೂ ನಿಜ. ಹಿತ್ತಾಳೆ ಕಂಡ ಮಾತ್ರಕ್ಕೆ ಒಳಗಿನ ಒಂದು ಸ್ಕ್ರೂ ಕೂಡ ಸಡಿಲವಾಗುವುದಿಲ್ಲ.

'ಅದೆಲ್ಲ ಸರಿ ಸಾರ್, ಮಾರುವಾಗ ಏನು ಮಾಡ್ತೀರಿ?' ಎಂದು ಇಲ್ಲಿ ಕೇಳಿಯೇ ಕೇಳುತ್ತಾರೆ. ಮಾರುಕಟ್ಟೆಯ ಮಾತೇ ಆಡೋಣ. 2022ರ ಜೂನ್‌ನಲ್ಲಿ ವೆಟ್ಸ್ಲರ್‌ನಲ್ಲಿ ನಡೆದ ಹರಾಜಿನಲ್ಲಿ ಒಂದು ಕ್ಯಾಮೆರಾ 1.44 ಕೋಟಿ ಯೂರೋಗೆ ಹೋಯಿತು. ಜಗತ್ತಿನಲ್ಲಿ ಅಲ್ಲಿಯವರೆಗೆ ಯಾವ ಕ್ಯಾಮೆರಾಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ. ಅದು ಲೈಕಾ ಮಾರುಕಟ್ಟೆಗೆ ಬರುವ ಮೊದಲು ಪರೀಕ್ಷೆಗೆಂದು ಮಾಡಿದ, ಎರಡು ಡಜನ್ನೂ ಇಲ್ಲದ ಒಂದು ಸರಣಿಯ 105ನೇ ಸಂಖ್ಯೆಯ ಪೆಟ್ಟಿಗೆ. ಬಾರ್ನಾಕ್ ತಾನೇ ಬಳಸುತ್ತಿದ್ದದ್ದು. ಅದರ ಚಿತ್ರ ನೋಡಿದವರಿಗೆ ಗೊತ್ತು, ಅಲ್ಲಲ್ಲಿ ಬಣ್ಣ ಎದ್ದು ಹಿತ್ತಾಳೆ ಇಣುಕುತ್ತಿದೆ. ನಮ್ಮ ಅಂಗಡಿಗೆ ತಂದಿದ್ದರೆ 'ಕಂಡೀಷನ್ ಅಷ್ಟಕ್ಕಷ್ಟೇ ಸಾರ್' ಎಂದು ಪಕ್ಕಕ್ಕೆ ಸರಿಸುತ್ತಿದ್ದರು. 2012ರಲ್ಲಿ ವಿಯೆನ್ನಾದಲ್ಲಿ 16.8 ಲಕ್ಷ ಯೂರೋಗೆ ಹೋದ ಎಂ3ಡಿ ಕೂಡ ಅಂಥದ್ದೇ. ಯುದ್ಧಭೂಮಿಗಳಲ್ಲಿ ಓಡಾಡಿದ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್‌ಗಾಗಿ ಕಂಪನಿ ಮಾಡಿಕೊಟ್ಟ ನಾಲ್ಕರಲ್ಲಿ ಅದೊಂದು. ಡಂಕನ್ ಅದಕ್ಕೆ ಹಾಫ್ ಕೇಸ್ ಹೊಲಿಸಿರಲಾರ.

ಅವರೆಲ್ಲ ದೊಡ್ಡವರು, ನಮ್ಮ ಕೈಯ ಗೀರಿಗೆ ಯಾರು ಕಾಸು ಕೊಡುತ್ತಾರೆ ಎಂದರೆ, ಒಪ್ಪಿದೆ, ಯಾರೂ ಕೊಡುವುದಿಲ್ಲ. ಸವೆದ ಕ್ಯಾಮೆರಾಕ್ಕೆ ನಮ್ಮಂಥವರಿಗೆ ಒಂದಷ್ಟು ಕಡಿಮೆಯೇ ಸಿಗುತ್ತದೆ. ಆ ಕಡಿಮೆಯಾದ ದುಡ್ಡು ಎಲ್ಲಿ ಹೋಯಿತು ಅಂತ ಕೇಳಿಕೊಳ್ಳಿ. ಹತ್ತು ವರ್ಷ ಬಳಸಿದ್ದಕ್ಕೆ ಕೊಟ್ಟ ಬಾಡಿಗೆ ಅದು. ಬಾಡಿಗೆ ಉಳಿಸಲು ಮನೆಗೆ ಬೀಗ ಹಾಕಿ ಜಗಲಿಯಲ್ಲಿ ಮಲಗುವವರನ್ನು ನಾನಂತೂ ಕಂಡಿಲ್ಲ. ಡಿಜಿಟಲ್ ಕ್ಯಾಮೆರಾದವರ ಲೆಕ್ಕವಂತೂ ಬುಡದಲ್ಲೇ ತಪ್ಪು. ಲೈಕಾದಲ್ಲೇ ನೋಡಿ, 2006ರಲ್ಲಿ ಎಂ8, 2009ರಲ್ಲಿ ಎಂ9, 2017ರಲ್ಲಿ ಎಂ10, 2022ರಲ್ಲಿ ಎಂ11. ಹೊಸದು ಬಂದ ದಿನವೇ ಹಳೆಯದರ ಬೆಲೆ ಇಳಿಯುತ್ತದೆ, ನೀವು ರೇಷ್ಮೆಯಲ್ಲಿ ಸುತ್ತಿಟ್ಟರೂ ಇಳಿಯುತ್ತದೆ. ಗೀರಿನಿಂದ ಹೋಗುವುದು ಪುಡಿಗಾಸು. ಕ್ಯಾಲೆಂಡರ್ ತಿನ್ನುವುದು ಇಡೀ ಗಂಟು.

ಎಂ9ರ ಕತೆ ಇನ್ನೂ ಸ್ವಾರಸ್ಯದ್ದು. ಅದರ ಸೆನ್ಸರನ್ನು ಮುಚ್ಚುವ ತೆಳು ಗಾಜು ಕಾಲ ಕಳೆದಂತೆ ತಾನಾಗಿಯೇ ಕೊರೆದುಕೊಳ್ಳಲು ಶುರುಮಾಡಿತು. ಆಕಾಶದ ಚಿತ್ರ ತೆಗೆದರೆ ಉಂಗುರ ಉಂಗುರವಾದ ಕಲೆ. ಕಂಪನಿ ಹಲವು ವರ್ಷ ಬಿಟ್ಟಿಯಾಗಿ ಸೆನ್ಸರ್ ಬದಲಿಸಿಕೊಟ್ಟಿತು, ಆಮೇಲೆ ಬಿಡಿಭಾಗ ಮುಗಿದು ಅದೂ ನಿಂತಿತು. ಹೊರಗೆ ಒಂದು ಗೀರೂ ಬೀಳದಂತೆ ಕಾದ ಪುಣ್ಯಾತ್ಮರ ಕ್ಯಾಮೆರಾಗಳಲ್ಲೂ ಇದೇ ಆಯಿತು. ಮೇಲೆ ಥಳುಕು ಒಳಗೆ ಹುಳುಕು ಎಂದು ನಮ್ಮ ಹಿರಿಯರು ಯಾವ ಕ್ಯಾಮೆರಾ ನೋಡಿ ಹೇಳಿದರೋ. ಅದಕ್ಕೂ ಹಿಂದಿನ, 1984ರ ಎಂ6ರ ಮೇಲ್ತಟ್ಟೆ ಹಿತ್ತಾಳೆಯದಲ್ಲ, ಸತುವಿನದು. ಅದರ ಲೇಪದ ಕೆಳಗೆ ಕೆಲವಕ್ಕೆ ಗುಳ್ಳೆ ಏಳುತ್ತವೆ. ಯಾರೂ ಮುಟ್ಟಬೇಕಾಗಿಲ್ಲ, ಶೋಕೇಸಿನೊಳಗೇ ಏಳುತ್ತವೆ.

ಫಿಲ್ಮ್ ಕ್ಯಾಮೆರಾಗಳನ್ನು ಕಪಾಟಿನಲ್ಲಿಟ್ಟು ಕಾಪಾಡುವವರ ಪಾಡು ಇದಕ್ಕಿಂತ ಕಷ್ಟ. ನನ್ನ ಪರಿಚಯದ ನಿವೃತ್ತ ಅಧಿಕಾರಿಯೊಬ್ಬರು ಜಪಾನಿನ ಒಂದು ಎಸ್ಸೆಲ್ಲಾರ್ ಕ್ಯಾಮೆರಾವನ್ನು ಬೀರುವಿನಲ್ಲಿ, ಮನೆಯವರ ಧಾರೆ ಸೀರೆಯ ಪಕ್ಕದಲ್ಲಿ, ನುಸಿಗುಳಿಗೆಯ ವಾಸನೆಯೊಳಗೆ ವರ್ಷಗಟ್ಟಲೆ ಮಲಗಿಸಿದ್ದರು. ಮೊಮ್ಮಗನ ನಾಮಕರಣಕ್ಕೆ ಎಬ್ಬಿಸಿದರು. ಹೊರಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗಿನ ಕನ್ನಡಿ ಮಾತ್ರ ಮೇಲೆ ಹೋದದ್ದು ಕೆಳಗೆ ಬರಲಿಲ್ಲ. ಕನ್ನಡಿ ಬಡಿಯುವ ಜಾಗದ ಸ್ಪಂಜು ಕರಗಿ ಟಾರಿನಂತಾಗಿ ಅದನ್ನು ಹಿಡಿದುಕೊಂಡಿತ್ತು. ರಿಪೇರಿಯವನು ಹಿಂಬಾಗಿಲು ತೆರೆದು, ನಿಧಾನದ ವೇಗಗಳನ್ನು ಒಂದೊಂದಾಗಿ ತಿರುಗಿಸಿ ಕ್ಲಿಕ್ ಮಾಡಿ ಕಿವಿಗೊಟ್ಟ. ಒಂದು ಸೆಕೆಂಡಿಗೆ ಇಟ್ಟರೆ ಶಟರ್ ತೆರೆದದ್ದು ತೆರೆದೇ ಇತ್ತು.

'ಏಟು ಬಿದ್ದಿಲ್ಲ ಸಾರ್.'

'ಇಲ್ಲ ಇಲ್ಲ, ಒಂದು ಗೀರೂ ಬೀಳದ ಹಾಗೆ ಇಟ್ಟಿದೀನಿ.'

'ಅದೇ ನೋಡಿ ಆಗಿದ್ದು. ಒಳಗಿನ ಗ್ರೀಸೆಲ್ಲ ಗಟ್ಟಿಯಾಗಿ ಕೂತಿದೆ. ವಾರಕ್ಕೊಂದು ಸಲ ಸುಮ್ಮನೆ ಕ್ಲಿಕ್ ಅನಿಸಿದ್ದರೂ ಸಾಕಿತ್ತು. ಇದಕ್ಕಿಂತ ಹೊಡೆತ ತಿಂದ ಕ್ಯಾಮೆರಾ ವಾಸಿ ಸಾರ್, ಎಲ್ಲಿ ನೋವಾಗಿದೆ ಅಂತ ಗೊತ್ತಾಗುತ್ತೆ.'

ಅಧಿಕಾರಿಗಳು ಕೊಟ್ಟ ರಿಪೇರಿಯ ದುಡ್ಡಿನಲ್ಲಿ ಗೀರು ಬಿದ್ದ ಅದೇ ಮಾದರಿಯ ಇನ್ನೊಂದು ಬರುತ್ತಿತ್ತು.

ರಕ್ಷಣೆಯ ಹೆಸರಿನಲ್ಲಿ ನಡೆಯುವ ಅತಿ ದೊಡ್ಡ ಅನಾಹುತ ಚರ್ಮದ ಕೇಸಿನದು. ಮಲೆನಾಡು, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಚಪ್ಪಲಿಗೂ ಬೆಲ್ಟಿಗೂ ಬೂಸರು. ಅದೇ ಚರ್ಮದ ಚೀಲದೊಳಗೆ ಕ್ಯಾಮೆರಾ ಇಟ್ಟು, ಗುಂಡಿ ಹಾಕಿ, ಕಪಾಟು ಮುಚ್ಚಿ, ದಸರೆಗೆ ತೆಗೆಯೋಣ ಎಂದು ಮರೆಯುತ್ತಾರೆ. ಚರ್ಮ ತೇವ ಹೀರಿಕೊಂಡು ಹಿಡಿದಿಡುತ್ತದೆ. ಕತ್ತಲು, ತೇವ, ಗಾಳಿಯಾಡದ ಜಾಗ. ಫಂಗಸ್ಸಿಗೆ ಇನ್ನೇನು ಬೇಕು? ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ. ಅದು ಬಿಡುವ ಆಮ್ಲ ಮೊದಲು ಗಾಜಿನ ಲೇಪವನ್ನು, ಆಮೇಲೆ ಗಾಜನ್ನೇ ತಿನ್ನುತ್ತದೆ. ಒಮ್ಮೆ ಕೊರೆದ ಮೇಲೆ ಎಷ್ಟು ಒರೆಸಿದರೂ ಗುರುತು ಹೋಗುವುದಿಲ್ಲ. ಬಾಡಿಯ ಮೇಲಿನ ನೂರು ಗೀರು ಚಿತ್ರದಲ್ಲಿ ಕಾಣದು. ಈ ಒಂದು ಬಲೆ ಪ್ರತಿ ಚಿತ್ರಕ್ಕೂ ಮಂಜು ಕವಿಸುತ್ತದೆ. ದಿನವೂ ಹೊರಗೆ ಬಿಸಿಲುಗಾಳಿ ಕಂಡ ಕ್ಯಾಮೆರಾಕ್ಕೆ ಈ ಕಾಯಿಲೆ ಅಪರೂಪ. ಹಳೆಯ ಲೆನ್ಸ್ ಮಾರುವ ಕೆಲವು ಜಾಹೀರಾತುಗಳನ್ನು ನೋಡಿ ನಕ್ಕಿದ್ದೇನೆ: ಮೇಲೆ ದಪ್ಪಕ್ಷರದಲ್ಲಿ 'ನಿಯರ್ ಮಿಂಟ್', ಕೆಳಗೆ ಸಣ್ಣಕ್ಷರದಲ್ಲಿ 'ಒಳಗೆ ಸ್ವಲ್ಪ ಫಂಗಸ್ ಇದೆ, ಚಿತ್ರಕ್ಕೆ ತೊಂದರೆಯಿಲ್ಲ'. ವರನಿಗೆ ಸಣ್ಣ ಹೃದಯಾಘಾತ ಆಗಿದೆ, ಆದರೆ ಮೈಬಣ್ಣ ಬಲು ಚೆಂದ ಎಂದ ಹಾಗೆ.

ಬಣ್ಣ ಕಾಯುವವರನ್ನು ಬೈದರೆ ಖುಷಿಪಡುವ ಇನ್ನೊಂದು ಪಂಥವಿದೆ. ಅವರಿಗೂ ನನ್ನಲ್ಲಿ ಜಾಗವಿಲ್ಲ. ಇವರು ಸವೆತದ ಆರಾಧಕರು. ಹಿತ್ತಾಳೆ ಕಾಣದ ಕ್ಯಾಮೆರಾ ಹಿಡಿಯುವುದು ಇವರಿಗೆ ನಾಚಿಕೆ. ಕಾಯಲು ವ್ಯವಧಾನವಿಲ್ಲದೆ ಜೀನ್ಸ್ ಬಟ್ಟೆಗೆ ಉಜ್ಜುತ್ತಾರೆ, ಕೆಲವರು ಉಪ್ಪುಕಾಗದವನ್ನೇ ಹಿಡಿಯುತ್ತಾರೆ. ಈ ಹಂಬಲವನ್ನು ಕಂಪನಿಯೂ ಅರಿತಿದೆ. ಅಮೆರಿಕದ ಸಂಗೀತಗಾರ ಲೆನ್ನಿ ಕ್ರಾವಿಟ್ಜ್ ವಿನ್ಯಾಸ ಮಾಡಿದ ಎಂ-ಪಿ ಮಾದರಿಯ 'ಕರೆಸ್ಪಾಂಡೆಂಟ್' ಸೆಟ್ 2015ರಲ್ಲಿ ಬಂತು, ಒಟ್ಟು 125. ವರದಿಗಾರನೊಬ್ಬ ದಶಕಗಟ್ಟಲೆ ಹೊತ್ತು ತಿರುಗಿದ ಹಾಗೆ ಕಾಣಲೆಂದು ಕಾರ್ಖಾನೆಯಲ್ಲೇ ಕೈಯಿಂದ ಬಣ್ಣ ಸವೆಸಿದ ಕ್ಯಾಮೆರಾ. ಅದನ್ನು ಕೊಂಡವರಲ್ಲಿ ಎಷ್ಟೋ ಜನ ಆ ಕೃತಕ ಗೀರುಗಳ ಮೇಲೆ ನಿಜವಾದ ಗೀರು ಬೀಳದಂತೆ ಪೆಟ್ಟಿಗೆಯಲ್ಲಿ ಭದ್ರಪಡಿಸಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕಾಯುವವನಿಗೂ ಉಜ್ಜುವವನಿಗೂ ಭೇದವಿದೆ ಅನ್ನುವುದು ಮೇಲ್ನೋಟದ ಮಾತು. ಇಬ್ಬರ ಕಣ್ಣೂ ಕ್ಯಾಮೆರಾದ ಮೈಮೇಲೇ ನೆಟ್ಟಿರುತ್ತದೆ. ಕ್ಯಾಮೆರಾ ಇರುವುದು ಅದರ ಮೂಲಕ ನೋಡುವುದಕ್ಕೆ. ಅದನ್ನೇ ನೋಡುತ್ತಾ ಕೂತರೆ ಎದುರಿನದು ತಪ್ಪಿಹೋಗುತ್ತದೆ.

ಇವೆರಡೂ ಇಲ್ಲದ ಬಳಕೆ ಹೇಗಿರುತ್ತದೆ ಎಂದು ತಿಳಿಯಲು ವೆಟ್ಸ್ಲರ್‌ಗೆ ಹೋಗಬೇಕಿಲ್ಲ, ಯಾವುದಾದರೂ ತಾಲ್ಲೂಕಿನ ಮದುವೆ ಛತ್ರಕ್ಕೆ ಹೋದರೆ ಸಾಕು. ಅಲ್ಲಿನ ಫೋಟೋದವನ ಕ್ಯಾಮೆರಾ ಒಮ್ಮೆ ಕೈಗೆತ್ತಿಕೊಂಡು ನೋಡಿ. ಕಂಪನಿಯ ಹೆಸರಿನ ಎರಡಕ್ಷರ ಅಳಿಸಿಹೋಗಿದೆ. ಹೆಬ್ಬೆರಳಿನ ಕಡೆಯ ರಬ್ಬರು ಬೆವರು ಕುಡಿದು ಉಬ್ಬಿ ಎದ್ದಿದೆ, ಫೆವಿಕ್ವಿಕ್ ಹಾಕಿ ಒತ್ತಿ ಕೂರಿಸಿದ್ದಾನೆ, ಅಂಚಿನಲ್ಲಿ ಅಂಟು ಬೆಳ್ಳಗೆ ಒಣಗಿದೆ. ಲೆನ್ಸ್ ಹುಡ್‌ನ ಮೂಲೆ ಒಡೆದಿದೆ. ಹೋಮದ ಹೊಗೆ, ಅಕ್ಕಿಕಾಳು, ಪನ್ನೀರು, ಎಲ್ಲಕ್ಕೂ ಆ ಯಂತ್ರ ಮೈ ಒಡ್ಡಿದೆ. ಮಾಂಗಲ್ಯ ಕಟ್ಟುವ ಗಳಿಗೆ ಎರಡನೇ ಸಲ ಬರುವುದಿಲ್ಲ ಎಂಬುದು ಅವನಿಗೆ ಗೊತ್ತು. ಮುಂದೆ ನುಗ್ಗಿದ ಸೋದರಮಾವಂದಿರ ನಡುವೆ ಮೊಣಕೈ ತೂರಿಸುವಾಗ ಅವನು ಬಣ್ಣದ ಬಗ್ಗೆ ಯೋಚಿಸಿದರೆ ಆ ಸೀಸನ್ನಿಗೆ ಅವನ ಅಂಗಡಿ ಮುಚ್ಚಿತು ಅಂತಲೇ ಲೆಕ್ಕ.

ಅದೇ ಮನುಷ್ಯ ಕ್ಯಾಮೆರಾವನ್ನು ಕಡೆಗಣಿಸುತ್ತಾನೆ ಅಂದುಕೊಳ್ಳಬೇಡಿ. ಆಯುಧಪೂಜೆಯ ದಿನ ಸ್ಟುಡಿಯೋಗೆ ಹೋಗಿ. ಕ್ಯಾಮೆರಾ, ಲೆನ್ಸು, ಟ್ರೈಪಾಡು, ಲೈಟು, ಈಗ ಡ್ರೋನು ಕೂಡ ಸಾಲಾಗಿ ಕೂತಿರುತ್ತವೆ. ವ್ಯೂಫೈಂಡರಿನ ನೆತ್ತಿಯ ಮೇಲೆ ಅರಿಶಿನ, ಅದರ ನಡುವೆ ಕುಂಕುಮ, ಸ್ಟ್ರ್ಯಾಪಿಗೆ ಸಿಕ್ಕಿಸಿದ ಸೇವಂತಿಗೆ. ಊದುಬತ್ತಿಯ ಬೂದಿ ಅಲ್ಲೇ ಉದುರುತ್ತದೆ. ಶಟರ್ ವೇಗದ ಡಯಲ್‌ನಲ್ಲಿ ಕೊರೆದ ಅಂಕಿಗಳ ತೋಡಿಗೆ ಕುಂಕುಮ ಇಳಿದು ಕೂತರೆ ಮುಂದಿನ ದಸರೆಯವರೆಗೂ ಹೋಗುವುದಿಲ್ಲ. 60 ಮತ್ತು 125 ಕೆಂಪಾಗಿಯೇ ಉಳಿಯುತ್ತವೆ. ಮಿಂಟ್ ಕಂಡೀಷನ್ ಭಕ್ತರು ಇದನ್ನು ಕಂಡರೆ ಎದೆ ಹಿಡಿದುಕೊಂಡಾರು. ನಮ್ಮೂರಿನ ಗೌರವದ ರೀತಿ ಇದು: ದುಡಿಯುವ ವಸ್ತುವಿಗೆ ವರ್ಷಕ್ಕೊಂದು ದಿನ ರಜೆ ಕೊಟ್ಟು ಹೂವು ಮುಡಿಸಿ, ಮರುದಿನ ಮತ್ತೆ ಕೆಲಸಕ್ಕೆ ಎಳೆಯುವುದು. ಆ ಒಂದು ದಿನವನ್ನೇ ವರ್ಷವಿಡೀ ಆಚರಿಸುವವರು ಗಾಜಿನ ಕಪಾಟಿನವರು.

ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವುಗಳ ಮುಂದೆ ನಿಂತ ಯಾರೂ ಕ್ಯಾಮೆರಾದ ತಳ ಹೇಗಿದೆ ಎಂದು ಕೇಳಿರಲಾರರು. ಹಕ್ಕಿಗಳ ಹಿಂದೆ ಬಿದ್ದು ಕಾಡುಮೇಡು ಅಲೆದ ಪೂರ್ಣಚಂದ್ರ ತೇಜಸ್ವಿಯವರ ಕ್ಯಾಮೆರಾಕ್ಕೆ ಮೂಡಿಗೆರೆಯ ಮಳೆ ಏನು ರಿಯಾಯಿತಿ ತೋರಿಸಿತ್ತೇ? ಯುದ್ಧ ಛಾಯಾಗ್ರಾಹಕ ಡಾನ್ ಮೆಕಲಿನ್‌ನ ನಿಕಾನ್ ಎಫ್ ಅಂತೂ ಕಾಂಬೋಡಿಯಾದಲ್ಲಿ ಬಂದೂಕಿನ ಗುಂಡನ್ನೇ ತಿಂದಿತು, ಅವನ ಮೈಗೆ ಬೀಳಬೇಕಾದದ್ದು. ಸಿಲಿಕೋನ್ ಕವಚ ತೊಡಿಸಿದ್ದರೆ ಇನ್ನೂ ಚೆನ್ನಾಗಿ ತಡೆಯುತ್ತಿತ್ತು ಎನ್ನುವವರೂ ನಮ್ಮಲ್ಲಿ ಸಿಗಬಹುದು.

ಹಾಗಾದರೆ ಏನನ್ನೂ ಕಾಯಬಾರದೆ? ಕಾಯಬೇಕಾದದ್ದು ಇದೆ, ಅದು ಬಣ್ಣವಂತೂ ಅಲ್ಲ. ಲೆನ್ಸಿಗೆ ಹುಡ್ ಹಾಕಿ. ಅಡ್ಡ ಬೆಳಕನ್ನೂ ತಡೆಯುತ್ತದೆ, ಗೋಡೆಗೆ ತಾಗಿದರೆ ಏಟನ್ನೂ ತಾನೇ ತಿನ್ನುತ್ತದೆ. ರಾತ್ರಿ ಬೀದಿದೀಪದ ಚಿತ್ರ ತೆಗೆಯುವಾಗಲಾದರೂ ಯುವಿ ಫಿಲ್ಟರ್ ಕಳಚಿ, ಇಲ್ಲದಿದ್ದರೆ ಆಕಾಶದಲ್ಲಿ ಹಸಿರು ದೆವ್ವಗಳು ತೇಲುತ್ತವೆ. ಸಮುದ್ರದ ಉಪ್ಪುಗಾಳಿಯಿಂದ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ. ಹಳೆಯ ಲೈಕಾದಂಥ, ಬಟ್ಟೆ ಶಟರಿನ ರೇಂಜ್‌ಫೈಂಡರುಗಳನ್ನು ಮುಚ್ಚಳ ಹಾಕದೆ ಬಿಸಿಲಿಗೆ ಮುಖ ಮಾಡಿ ಇಡಬೇಡಿ, ಲೆನ್ಸು ಬಿಸಿಲನ್ನು ಒಂದೆಡೆ ಕೂಡಿಸಿ ಶಟರಿನ ಬಟ್ಟೆಗೆ ತೂತು ಸುಡುತ್ತದೆ. ಮಳೆಗಾಲದಲ್ಲಿ ಚರ್ಮದ ಕೇಸು ಬಿಸಾಕಿ, ಕ್ಯಾಮೆರಾವನ್ನು ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಆ ಜೆಲ್ಲನ್ನು ಆಗಾಗ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಒಣಗಿಸಿ. ಇದೆಲ್ಲ ಸೇರಿದರೂ ಒಂದು ಹಾಫ್ ಕೇಸಿನ ಬೆಲೆಯಾಗುವುದಿಲ್ಲ.

ಹಳೆಯದನ್ನು ಕೊಳ್ಳಲು ಹೋದಾಗ ನಮ್ಮವರ ಮೊದಲ ಪ್ರಶ್ನೆ 'ಸ್ಕ್ರ್ಯಾಚ್ ಇದೆಯಾ?' ಎಂಬುದೇ ಆಗಿರುವತನಕ ಅಂಗಡಿಯವರು ಕ್ಯಾಮೆರಾದ ಮೈಗೆ ಪಾಲಿಶ್ ಹೊಡೆದು ಒಳಗಿನ ರೋಗ ದಾಟಿಸುತ್ತಲೇ ಇರುತ್ತಾರೆ. ಮೊಬೈಲಿನ ಟಾರ್ಚ್ ಹಚ್ಚಿ ಲೆನ್ಸಿನ ಹಿಂದಿನಿಂದ ಹಾಯಿಸಿ ನೋಡಿ. ಹಿಂಬಾಗಿಲು ತೆರೆದು ಒಂದು ಸೆಕೆಂಡು, ಅರ್ಧ ಸೆಕೆಂಡು, ಸೆಕೆಂಡಿನ ಹದಿನೈದನೇ ಒಂದು ಭಾಗದ ಶಟರ್ ಸದ್ದು ಕೇಳಿಸಿಕೊಳ್ಳಿ. ಸ್ಪಂಜಿಗೆ ಉಗುರು ತಾಗಿಸಿ, ಅಂಟುತ್ತದೆಯೋ ನೋಡಿ. ಎಲ್ಲ ಸರಿಯಿದ್ದು, ಬಣ್ಣ ಮಾತ್ರ ಹೋಗಿದ್ದರೆ ಮುಖ ಸಪ್ಪಗೆ ಮಾಡಿಕೊಂಡು 'ಅಯ್ಯೋ, ತುಂಬಾ ಸವೆದಿದೆಯಲ್ರೀ' ಅನ್ನಿ. ಎರಡು ಸಾವಿರ ಇಳಿಸಿಕೊಟ್ಟಾನು.